ಬೂತಾಯಿ ಸಣ್ಣದಾಗಿದ್ದೇಕೆ, ಜೂನ್‌ನಲ್ಲಿ ಮೀನು ಎಲ್ಲಿಂದ?

ಮೂಡಿಗೆರೆಯಲ್ಲಿ ಬೆರಳುದ್ದದ ಬೂತಾಯಿಯೇ (ಸಾರ್ಡೀನ್ ಮೀನು) ಸಿಗುತ್ತಿದೆ, ಇದಕ್ಕೆ ಹವಾಮಾನ ಬದಲಾವಣೆ ಕಾರಣವೇ, ನಿಷೇಧವಿದ್ದರೂ ಜೂನ್‌ನಲ್ಲಿ ಮೀನು ಹೇಗೆ ಬರುತ್ತದೆ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಸುಲಭ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಗಳಿಗೆ ವಿನಾಯಿತಿ ಇದೆ. ಪೂರ್ವ ಕರಾವಳಿಯ ನಿಷೇಧವಂತೂ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ಹಾಗಾಗಿ ಆ ದಿನಗಳಲ್ಲಿ ನಿಮ್ಮೂರಿಗೆ ಬಂದ ಮೀನೆಲ್ಲ ಮಲ್ಪೆಯದೂ ಅಲ್ಲ, ಕಳ್ಳಮಾಲೂ ಅಲ್ಲ.

ಮೊದಲನೆಯದು ಸ್ವಲ್ಪ ಗೋಜಲು. ಮುಂಗಾರು ಗಾಳಿಯಿಂದ ಮೇಲ್ನೀರು ದಡದಿಂದ ದೂರ ಸರಿದಾಗ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಿಂದ ಬೆಳೆಯುವ ಸೂಕ್ಷ್ಮ ಪಾಚಿಯೇ ಬೂತಾಯಿಯ ಮುಖ್ಯ ಊಟ. ಸಮುದ್ರ ಬಿಸಿಯಾದಾಗ, ಎಲ್ ನಿನೊ (ಪೆಸಿಫಿಕ್ ಸಾಗರದ ಮೇಲ್ನೀರು ಅತಿಯಾಗಿ ಬಿಸಿಯಾಗುವ ವಿದ್ಯಮಾನ) ಪ್ರಭಾವವಿದ್ದಾಗ ಈ ಲೆಕ್ಕ ತಪ್ಪುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಕುಸಿಯಿತು!

ಆದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಬೆರಳುದ್ದದ ಬೂತಾಯಿ ಎಂದರೆ ಇನ್ನೂ ಮೊಟ್ಟೆಯಿಡದ ಮರಿ. ಅದನ್ನು ಹಿಡಿದದ್ದು ಸಣ್ಣ ಕಣ್ಣಿನ ಬಲೆ, ಬಿಸಿಲಲ್ಲ. ಕೇರಳ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ ನಿಗದಿ ಮಾಡಿದೆ. ಎಲ್‌ಇಡಿ ದೀಪ ಹಾಕಿ, ಬೆಳಕಿಗೆ ಸೆಳೆದು ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಪಾಲನೆಯ ಕತೆ ಬೇರೆ.

ನೀವು ಕೊಳ್ಳುವಾಗ ಅಂಗೈಗಿಂತ ಚಿಕ್ಕ ಬೂತಾಯಿಯನ್ನು ಬಿಟ್ಟುಬಿಡಿ. ಮಳೆಗಾಲದ ಆ ಎರಡು ತಿಂಗಳು ಕೆರೆಯ ಕಾಟ್ಲಾ, ರೋಹು ಸಿಕ್ಕರೆ ಸಾರಿಗೆ ಧಾರಾಳವಾಗಿ ಸಾಕು.