1947ರಲ್ಲಿ ಒಂದು ಡಾಲರ್‌ಗೆ ಒಂದೇ ರೂಪಾಯಿ ಇತ್ತೇ?

ನೀವು ಕೇಳಿರುವುದು ಎರಡು ಸಂಗತಿ. ಸ್ವಾತಂತ್ರ್ಯ ಬಂದ ದಿನ ಡಾಲರ್‌ಗೆ ಒಂದೇ ರೂಪಾಯಿ ಇತ್ತು ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು ನಿಜವೇ? ಹಳೆಯ ದರಗಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವೇಕೆ?

ಮೊದಲನೆಯದು ಶುದ್ಧ ಸುಳ್ಳು. 1947ರಲ್ಲಿ ಡಾಲರ್‌ಗೆ ಸುಮಾರು 3.31 ರೂಪಾಯಿ ಇತ್ತು, ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ರೂಪಾಯಿ ಐದಾಣೆ. ಇದನ್ನು ನಂಬಲು ಯಾವ ದಾಖಲೆ ಸಂಗ್ರಹಕ್ಕೂ ಹೋಗಬೇಕಿಲ್ಲ, ಭಾಗಾಕಾರ ಗೊತ್ತಿದ್ದರೆ ಸಾಕು. ರೂಪಾಯಿಗೆ ಆಗ ಡಾಲರ್ ಜೊತೆ ನೇರ ಸಂಬಂಧವೇ ಇರಲಿಲ್ಲ. ಅದನ್ನು ಪೌಂಡ್‌ಗೆ ಕಟ್ಟಿಹಾಕಲಾಗಿತ್ತು. 1927ರ ಕಾಯಿದೆ ಒಂದು ರೂಪಾಯಿಗೆ 1 ಷಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್, ಎಂದು ಗೊತ್ತುಮಾಡಿತ್ತು. ಪೌಂಡ್‌ಗೆ 240 ಪೆನ್ಸ್. ಅದನ್ನು 18ರಿಂದ ಭಾಗಿಸಿದರೆ ಒಂದು ಪೌಂಡ್‌ಗೆ 13 ರೂಪಾಯಿ 5 ಆಣೆ 4 ಪೈ. ಪೌಂಡ್‌ಗೆ ಆಗ 4.03 ಡಾಲರ್. ಇನ್ನೊಮ್ಮೆ ಭಾಗಿಸಿ, 3.31 ಬರುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿ 1946ರ ಡಿಸೆಂಬರ್‌ನಲ್ಲಿ ಸದಸ್ಯ ದೇಶಗಳ ಹಣದ ಮೌಲ್ಯಗಳನ್ನು ಪ್ರಕಟಿಸಿದಾಗ ರೂಪಾಯಿಗೆ ಬರೆದದ್ದೂ ಇದೇ: 30.225 ಸೆಂಟ್.

ಹಾಗಾದರೆ ಅದಕ್ಕೂ ಹಿಂದೆ, ಬೆಳ್ಳಿಯ ಕಾಲದಲ್ಲಿ? ಆಗಲೂ ಇಲ್ಲ. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯಲ್ಲಿದ್ದ ಶುದ್ಧ ಬೆಳ್ಳಿ 165 ಗ್ರೇನ್ (ಆಗಿನ ತೂಕದ ಒಂದು ಸಣ್ಣ ಅಳತೆ). ಅಮೆರಿಕದ ಬೆಳ್ಳಿ ಡಾಲರ್‌ನಲ್ಲಿ 371.25 ಗ್ರೇನ್. ಎರಡನ್ನೂ ಕರಗಿಸಿ ತಕ್ಕಡಿಗೆ ಹಾಕಿದರೂ ಒಂದು ಡಾಲರ್‌ಗೆ ಎರಡೂ ಕಾಲು ರೂಪಾಯಿ ಬೇಕಿತ್ತು. ಈ ಸುಳ್ಳನ್ನು ಹರಡುವವರಿಗೆ ನಾನು ಸಾಮಾನ್ಯವಾಗಿ ಕೊಡುವ ಉತ್ತರ ಇಷ್ಟೇ, ಇದರ ಮುಂದೆ ವಾದ ಬೆಳೆಯುವುದಿಲ್ಲ.

‘ಆಗ ದೇಶಕ್ಕೆ ವಿದೇಶಿ ಸಾಲವಿರಲಿಲ್ಲ, ಆದ್ದರಿಂದ ಸಮಸಮ’ ಎಂಬ ಬಾಲವೂ ಈ ಸಂದೇಶಕ್ಕೆ ಇರುತ್ತದೆ. ಯುದ್ಧ ಮುಗಿದಾಗ ಬ್ರಿಟನ್ನೇ ನಮಗೆ ನೂರು ಕೋಟಿ ಪೌಂಡ್‌ಗೂ ಹೆಚ್ಚು ಬಾಕಿ ಕೊಡಬೇಕಿತ್ತು ಎಂಬುದು ನಿಜ. ಆದರೆ ಸಾಲವಿಲ್ಲದಿದ್ದರೆ ಎರಡು ದೇಶಗಳ ಹಣ ಸಮಸಮ ಆಗಬೇಕು ಎಂಬ ನಿಯಮ ಎಲ್ಲಿಯದು? ಜಪಾನಿನ ಯೆನ್ 1949ರಿಂದ 1971ರವರೆಗೆ ಡಾಲರ್‌ಗೆ 360ರಂತೆ ನಿಂತಿತ್ತು, ಆ ಅವಧಿಯಲ್ಲೇ ಜಪಾನ್ ಶ್ರೀಮಂತವಾಯಿತು. ಅಂಕಿ ದೊಡ್ಡದೋ ಚಿಕ್ಕದೋ ಎಂಬುದರಲ್ಲಿ ಏನೂ ಇಲ್ಲ. ಅದು ಯಾವಾಗ, ಯಾಕೆ ಬದಲಾಯಿತು ಎಂಬುದರಲ್ಲಿದೆ ಕಥೆ.

ಮೊದಲ ಬದಲಾವಣೆ ನಮ್ಮ ಕೈಯಿಂದ ಆದದ್ದೂ ಅಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡನ್ನು 4.03 ಡಾಲರ್‌ನಿಂದ 2.80ಕ್ಕೆ ಇಳಿಸಿತು, ರೂಪಾಯಿಯೂ ಅದರ ಹಿಂದೆ ಇಳಿದು ಡಾಲರ್‌ಗೆ 4.76 ಆಯಿತು. ಪಾಕಿಸ್ತಾನ ಇಳಿಸಲು ಒಪ್ಪಲಿಲ್ಲ. ಎರಡು ವರ್ಷಗಳ ಹಿಂದಷ್ಟೇ ಒಂದೇ ಆಗಿದ್ದ ರೂಪಾಯಿಗೆ ಗಡಿಯ ಆಚೆ ಈಚೆ ಎರಡು ಬೆಲೆ ಬಂದು, ಸೆಣಬಿನ ವ್ಯಾಪಾರವೇ ಸಿಕ್ಕಿಬಿದ್ದಿತು.

1966ರ ಜೂನ್ 6ರದ್ದು ನಮ್ಮದೇ ನಿರ್ಧಾರ. ಇಂದಿರಾ ಗಾಂಧಿ ಪ್ರಧಾನಿ, ಸಚಿಂದ್ರ ಚೌಧುರಿ ಹಣಕಾಸು ಸಚಿವರು. ಹಿಂದಿನ ವರ್ಷದ ಯುದ್ಧ, ಬರಗಾಲ, ನಿಂತುಹೋದ ವಿದೇಶಿ ನೆರವು, ಡಾಲರ್ 4.76ರಿಂದ 7.50ಕ್ಕೆ ಜಿಗಿಯಿತು. ಇದನ್ನು ಕೆಲವರು 36.5 ಶೇಕಡಾ ಅಪಮೌಲ್ಯ ಎನ್ನುತ್ತಾರೆ, ಕೆಲವರು 57.5 ಎನ್ನುತ್ತಾರೆ. ನಿಮ್ಮ ಗೊಂದಲದ ಒಂದು ಎಳೆ ಇಲ್ಲೇ ಇದೆ, ಎರಡೂ ಸರಿ. ರೂಪಾಯಿಯ ಬೆಲೆಯನ್ನು ಡಾಲರ್‌ನಲ್ಲಿ ಅಳೆದರೆ 21 ಸೆಂಟ್ ಇದ್ದದ್ದು 13.33 ಸೆಂಟ್‌ಗೆ ಕುಸಿಯಿತು, ಅದು 36.5. ಡಾಲರ್‌ನ ಬೆಲೆಯನ್ನು ರೂಪಾಯಿಯಲ್ಲಿ ಅಳೆದರೆ ಏರಿದ್ದು 57.5. ಸರ್ಕಾರವನ್ನು ಬೈಯುವವರು ಎರಡನೆಯದನ್ನೇ ಆರಿಸಿಕೊಳ್ಳುವುದನ್ನು ಗಮನಿಸಿದ್ದೇನೆ. ಮರುವರ್ಷ ಬ್ರಿಟನ್ ಮತ್ತೆ ಪೌಂಡ್ ಇಳಿಸಿದಾಗ ನಾವು ಹಿಂಬಾಲಿಸಲಿಲ್ಲ. 21 ರೂಪಾಯಿಯ ಪೌಂಡ್ 18ಕ್ಕೆ ಬಂತು. 1975ರಲ್ಲಿ ಪೌಂಡ್‌ನ ಗೂಟ ಬಿಟ್ಟು ಹಲವು ಕರೆನ್ಸಿಗಳ ಬುಟ್ಟಿಗೆ ರೂಪಾಯಿಯನ್ನು ಜೋಡಿಸಲಾಯಿತು.

1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ಅಪಮೌಲ್ಯವಾಗಿ, 21ರ ಆಸುಪಾಸಿನಲ್ಲಿದ್ದ ಡಾಲರ್ 26ರ ಸಮೀಪಕ್ಕೆ ಹೋಯಿತು. ಎರಡನೆಯ ಕಂತನ್ನು ತಡೆಯಲು ಪ್ರಧಾನಿ ನರಸಿಂಹ ರಾವ್ ಬಯಸಿದ್ದರು. ಹಣಕಾಸು ಸಚಿವ ಮನಮೋಹನ್ ಸಿಂಗ್ ರಿಸರ್ವ್ ಬ್ಯಾಂಕ್‌ಗೆ ಫೋನ್ ಮಾಡುವಷ್ಟರಲ್ಲಿ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಕೆಲಸ ಮುಗಿಸಿಯಾಗಿತ್ತು. 1993ರ ಮಾರ್ಚ್‌ನಿಂದ ದರವನ್ನು ಮಾರುಕಟ್ಟೆ ನಿರ್ಧರಿಸುತ್ತಿದೆ. ಆ ಮೇಲಿನದು ನಿಮಗೆ ಗೊತ್ತಿರುವುದೇ.

ಇನ್ನು ಪಟ್ಟಿಗಳ ವಿಚಾರ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಭಾರತೀಯ ಆರ್ಥಿಕತೆಯ ಅಂಕಿಅಂಶ ಕೈಪಿಡಿಯನ್ನೇ ನೋಡಿ, ಅದು ಅಂತರಜಾಲದಲ್ಲಿ ಉಚಿತ. ಬೇರೆ ಪಟ್ಟಿ ಸಿಕ್ಕರೆ ನಾನು ಮೊದಲು ಕಣ್ಣಾಡಿಸುವುದು 1950ರಿಂದ 1965ರವರೆಗಿನ ಸಾಲುಗಳ ಮೇಲೆ. ಅಲ್ಲಿ 4.76ರ ಆಸುಪಾಸು ಬಿಟ್ಟು ವರ್ಷಕ್ಕೊಂದು ಅಂಕಿ ಕುಣಿಯುತ್ತಿದ್ದರೆ ಆ ಪಟ್ಟಿಯನ್ನು ಅಲ್ಲಿಗೇ ಮುಚ್ಚಿಬಿಡಿ. ಆಮೇಲೆ ವರ್ಷ ಎಂದರೆ ಯಾವ ವರ್ಷ ಎಂದು ನೋಡಿ. 1991ಕ್ಕೆ ಒಂದು ಕಡೆ 22.74, ಇನ್ನೊಂದು ಕಡೆ 24.47 ಎಂದಿರುತ್ತದೆ, ಮೊದಲನೆಯದು ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿ, ಎರಡನೆಯದು 1991-92ರ ಹಣಕಾಸು ವರ್ಷದ್ದು. ವರ್ಷಾಂತ್ಯದ ದರ ಕೊಡುವ ಪಟ್ಟಿಯಲ್ಲಿ ಈ ಎರಡೂ ಸಿಗುವುದಿಲ್ಲ.