ಬೆಂಚ್ ಪ್ರೆಸ್ ಮಾಡಿದರೂ ಎದೆ ಯಾಕೆ ತುಂಬುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನನಗೆ 24 ವರ್ಷ. ಎತ್ತರ 174 ಸೆಂಟಿಮೀಟರ್, ತೂಕ 63 ಕೆಜಿ. ಒಂದು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಸೋಮವಾರ ನನ್ನ ಚೆಸ್ಟ್ ದಿನ. ಅವತ್ತು ಫ್ಲಾಟ್ ಬೆಂಚ್ ಪ್ರೆಸ್, ಇನ್‌ಕ್ಲೈನ್, ಡಿಕ್ಲೈನ್, ಡಂಬೆಲ್ ಫ್ಲೈ, ಪೆಕ್ ಡೆಕ್, ಕೇಬಲ್ ಕ್ರಾಸ್‌ಓವರ್, ಕೊನೆಗೆ ಪುಷ್‌ಅಪ್ ಮಾಡುತ್ತೇನೆ. ಒಟ್ಟು ಏಳು ವ್ಯಾಯಾಮ, ಒಂದೊಂದಕ್ಕೆ ನಾಲ್ಕು ಸೆಟ್. ಆದರೂ ಎದೆ ಚಪ್ಪಟೆಯಾಗಿಯೇ ಇದೆ. ಮರುದಿನ ನೋಯುವುದು ಭುಜದ ಮುಂಭಾಗ ಮತ್ತು ತೋಳಿನ ಹಿಂಭಾಗ ಮಾತ್ರ. ಬೆಂಚ್ ಪ್ರೆಸ್‌ನಲ್ಲಿ ಆರು ತಿಂಗಳಿಂದ 50 ಕೆಜಿಯಲ್ಲೇ ನಿಂತಿದ್ದೇನೆ. ಇನ್ನೂ ಯಾವ ವ್ಯಾಯಾಮ ಸೇರಿಸಬೇಕು? ಎದೆಯ ನಡುವಿನ ಗೆರೆ ಕಾಣಲು ಬೇರೆ ಏನಾದರೂ ಮಾಡಬೇಕಾ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಅದಕ್ಕೆ ಸೇರಿಸಲು ಏನೂ ಇಲ್ಲ. ತೆಗೆಯಲು ನಾಲ್ಕು ಇವೆ.

ಮೊದಲು ಒಂದು ಕೆಲಸ ಮಾಡಿ. ಬಲಗೈ ಬೆರಳುಗಳನ್ನು ಎಡ ಎದೆಯ ಮೇಲಿಡಿ. ಎಡಗೈಯನ್ನು ಪಕ್ಕಕ್ಕೆ ಚಾಚಿ. ಈಗ ಯಾರನ್ನೋ ತಬ್ಬಿಕೊಳ್ಳುವ ಹಾಗೆ ಆ ಕೈಯನ್ನು ಎದೆಯ ಮುಂದೆ ತನ್ನಿ. ಬೆರಳ ಕೆಳಗೆ ಸ್ನಾಯು ಗಟ್ಟಿಯಾಯಿತು ಅಲ್ವಾ? ಎದೆಯ ದೊಡ್ಡ ಸ್ನಾಯುವಿನ ಮುಖ್ಯ ಕೆಲಸ ಅದೇ. ಮೇಲ್ತೋಳನ್ನು ಮೈಯ ನಡುವಿನ ಕಡೆಗೆ ಎಳೆದು ತರುವುದು. ಈಗ ಮೇಲ್ತೋಳು ಅಲುಗಾಡದ ಹಾಗೆ ಇಟ್ಟುಕೊಂಡು ಮೊಣಕೈಯನ್ನು ಮಾತ್ರ ಮಡಚಿ, ನೇರ ಮಾಡಿ. ಎದೆ ಸುಮ್ಮನಿರುತ್ತದೆ. ಮೊಣಕೈ ನೇರ ಮಾಡುವುದು ಟ್ರೈಸೆಪ್ಸ್ ಕೆಲಸ, ಅಂದರೆ ತೋಳಿನ ಹಿಂಭಾಗದ ಸ್ನಾಯುವಿನದು. ನೀವು ಬಾರ್ ತಳ್ಳುವಾಗ "ಮೇಲಕ್ಕೆ ಹೋದರೆ ಸಾಕು" ಎಂದಷ್ಟೇ ಯೋಚಿಸುತ್ತೀರಿ ಅನ್ನಿಸುತ್ತದೆ. ಹಾಗಾದಾಗ ಭುಜ ಮತ್ತು ಟ್ರೈಸೆಪ್ಸ್ ಮುಂದೆ ಬಂದು ಕೆಲಸ ಮುಗಿಸಿಬಿಡುತ್ತವೆ. ಮರುದಿನ ನೋವು ಅಲ್ಲಿ ಬರುವುದು ಅದಕ್ಕೇ.

ಈ ಸ್ನಾಯು ಬೀಸಣಿಗೆಯ ಹಾಗಿದೆ. ಕೊರಳೆಲುಬಿನಿಂದ, ಎದೆಯ ನಡುಮೂಳೆಯಿಂದ, ಪಕ್ಕೆಲುಬುಗಳ ಮುಂಭಾಗದಿಂದ ಎಳೆಗಳು ಹೊರಟು, ಎಲ್ಲವೂ ಒಟ್ಟಾಗಿ ತೋಳಿನ ಮೂಳೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತವೆ. ವ್ಯಾಯಾಮ ಆರಿಸುವಾಗ ನಾನು ನೋಡುವುದು ಈ ಎಳೆಗಳ ದಿಕ್ಕನ್ನು. ಕೊರಳೆಲುಬಿನ ಕಡೆಯ ಎಳೆಗಳಿಗೆ ತೋಳು ಓರೆಯಾಗಿ ಮೇಲಕ್ಕೆ ಹೋಗಬೇಕು. ಅದಕ್ಕೆ ಇನ್‌ಕ್ಲೈನ್ ಪ್ರೆಸ್, ಅಂದರೆ ತಲೆಯ ಕಡೆ ಎತ್ತರಿಸಿದ ಬೆಂಚಿನ ಮೇಲೆ ತಳ್ಳುವುದು. ನಡುವಿನ ಎಳೆಗಳಿಗೆ ತೋಳು ನೇರ ಮುಂದಕ್ಕೆ ಬರಬೇಕು. ಅದಕ್ಕೆ ಮಟ್ಟಸ ಬೆಂಚಿನ ಫ್ಲಾಟ್ ಪ್ರೆಸ್ ಮತ್ತು ಚಾಚಿದ ಕೈಗಳನ್ನು ತಬ್ಬುವ ಹಾಗೆ ಮುಂದೆ ತರುವ ಫ್ಲೈ. ಕೆಳಗಿನ ಎಳೆಗಳಿಗೆ ಫ್ಲಾಟ್ ಪ್ರೆಸ್‌ನಲ್ಲೇ ಸಾಕಷ್ಟು ಕೆಲಸ ಸಿಗುತ್ತದೆ. ತಲೆಯ ಕಡೆ ತಗ್ಗಿಸಿದ ಡಿಕ್ಲೈನ್ ಬೆಂಚ್ ನಿಮಗೆ ಸದ್ಯಕ್ಕೆ ಬೇಡವೇ ಬೇಡ.

ನಡುವಿನ ಗೆರೆಯ ಬಗ್ಗೆ ಪ್ರತಿ ತಿಂಗಳೂ ಯಾರಾದರೂ ಬರೆಯುತ್ತಾರೆ. ಎದೆಯ ಎಳೆಗಳು ನಡುಮೂಳೆಯಿಂದ ತೋಳಿನವರೆಗೆ ಹೋಗುತ್ತವೆ. ಎಳೆಯ ಒಂದು ತುದಿಯನ್ನು ಮಾತ್ರ ದಪ್ಪ ಮಾಡುವ ವ್ಯಾಯಾಮ ಇಲ್ಲ. ಎರಡೂ ಕಡೆಯ ಸ್ನಾಯು ನಡುವೆ ಎಷ್ಟು ಹತ್ತಿರ ಬರುತ್ತದೆ ಎನ್ನುವುದು ಹುಟ್ಟಿನಿಂದ ಬಂದದ್ದು. ಇಡೀ ಎದೆ ದಪ್ಪವಾದಾಗ, ಮೇಲಿನ ಕೊಬ್ಬು ಕಡಿಮೆ ಇದ್ದಾಗ, ಗೆರೆ ತಾನಾಗಿಯೇ ಕಾಣುತ್ತದೆ.

ನಾನು 23ನೇ ವಯಸ್ಸಿನಲ್ಲಿ ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಆಗ ನನಗೆ ಕಲಿಸಿದವರು ಮೊಣಕೈಗಳನ್ನು ಭುಜದ ಮಟ್ಟಕ್ಕೆ ಪೂರ್ತಿ ಅಗಲಿಸಿ, ಬಾರನ್ನು ಕುತ್ತಿಗೆಯ ಹತ್ತಿರ ಇಳಿಸಲು ಹೇಳಿದ್ದರು. ಎದೆ ಚೆನ್ನಾಗಿ ಎಳೆಯುತ್ತೆ ಅಂತ. ನಾನು ನಂಬಿದೆ. ಪ್ರತಿ ವಾರ ತೂಕ ಹಾಕಿದೆ. ಐದನೇ ತಿಂಗಳಿಗೆ ಎಡ ಭುಜದ ಮುಂಭಾಗದಲ್ಲಿ ನೋವು ಶುರುವಾಯಿತು. ಹನ್ನೊಂದು ತಿಂಗಳು ಎಡಮಗ್ಗುಲಲ್ಲಿ ಮಲಗಲು ಆಗಲಿಲ್ಲ. ಶರ್ಟ್ ತೋಳು ಹಾಕುವಾಗಲೂ ಹಲ್ಲು ಕಚ್ಚಬೇಕಿತ್ತು. ಬಾರ್ ಬಿಟ್ಟು ಹಗುರ ಡಂಬೆಲ್ ಹಿಡಿದೆ. ಡಂಬೆಲ್‌ನಲ್ಲಿ ಅಂಗೈಯನ್ನು ಸ್ವಲ್ಪ ಒಳಕ್ಕೆ ತಿರುಗಿಸಬಹುದು, ಮೊಣಕೈ ತನಗೆ ಬೇಕಾದ ದಾರಿಯಲ್ಲಿ ಹೋಗುತ್ತದೆ. ನೋವು ನಿಧಾನವಾಗಿ ಹೋಯಿತು. ನನ್ನ ಎದೆ ಮೊದಲ ಸಲ ತುಂಬಿಕೊಂಡದ್ದೂ ಅದೇ ವರ್ಷ. ಅಂದಿನಿಂದ ಹೊಸದಾಗಿ ಬರುವ ಯಾರಿಗೇ ಆಗಲಿ, ಎದೆಗೆ ಮೊದಲು ಡಂಬೆಲ್ ಕೊಡುತ್ತೇನೆ.

ಹಾಗಂತ ಬಾರ್ ಕೆಟ್ಟದ್ದಲ್ಲ. ಬಾರ್‌ನಲ್ಲಿ ತೂಕ ಏರಿಸುವುದು ಸುಲಭ. ಎರಡೂ ಕಡೆ 1.25 ಕೆಜಿ ಪ್ಲೇಟ್ ಹಾಕಿದರೆ ಒಟ್ಟು 2.5 ಕೆಜಿ ಮಾತ್ರ ಏರುತ್ತದೆ. ಡಂಬೆಲ್‌ನಲ್ಲಿ 15ರಿಂದ 17.5ಕ್ಕೆ ಹೋದರೆ ಒಮ್ಮೆಗೇ 5 ಕೆಜಿ ಜಾಸ್ತಿ. ಆದ್ದರಿಂದ ನಿಮಗೆ ಎರಡೂ ಇರಲಿ.

ಬೆಂಚ್ ಮೇಲೆ ಮಲಗಿದ ಮೇಲೆ ಹೀಗೆ ಮಾಡಿ. ಬೆನ್ನಿನ ಎರಡೂ ರೆಕ್ಕೆಮೂಳೆಗಳನ್ನು ಹತ್ತಿರ ತಂದು, ಸೊಂಟದ ಕಡೆಗೆ ಇಳಿಸಿ, ಬೆಂಚಿಗೆ ಒತ್ತಿ ಹಿಡಿಯಿರಿ. ಸೆಟ್ ಮುಗಿಯುವವರೆಗೆ ಅವು ಜಾರಬಾರದು. ಇದೊಂದು ಸರಿಯಾದರೆ ಭುಜ ಮುಂದಕ್ಕೆ ಬರುವುದು ನಿಲ್ಲುತ್ತದೆ, ಎದೆ ಕೆಲಸಕ್ಕೆ ಇಳಿಯುತ್ತದೆ. ಮೊಣಕೈ ಪಕ್ಕೆಗೆ ಅಂಟಬಾರದು, ಭುಜದ ಮಟ್ಟಕ್ಕೂ ಏರಬಾರದು. ಎರಡರ ನಡುವೆ, ಸುಮಾರು 45ರಿಂದ 60 ಡಿಗ್ರಿ ಇರಲಿ. ಬಾರ್ ಮೊಲೆತೊಟ್ಟಿನ ಸಾಲಿಗೆ ಅಥವಾ ಒಂದು ಬೆರಳು ಕೆಳಗೆ ಮುಟ್ಟಲಿ. ಇಳಿಸಲು ಎರಡು ಮೂರು ಸೆಕೆಂಡ್ ತೆಗೆದುಕೊಳ್ಳಿ. ಕೆಳಗೆ ಎದೆ ಎಳೆಯುವುದು ಗೊತ್ತಾಗಬೇಕು. ಎದೆಯ ಬದಲು ಭುಜದ ಮೂಲೆಯಲ್ಲಿ ಚುಚ್ಚಿದರೆ ಅಲ್ಲೇ ನಿಲ್ಲಿಸಿ, ಹಿಡಿತದ ಅಗಲ ಬದಲಿಸಿ ನೋಡಿ. ತಳ್ಳುವಾಗ ಕೈಗಳನ್ನು ಮರೆತು, ಎರಡೂ ಮೇಲ್ತೋಳುಗಳನ್ನು ಒಂದರ ಕಡೆಗೊಂದು ತರುತ್ತಿದ್ದೇನೆ ಎಂದುಕೊಳ್ಳಿ. 50 ಕೆಜಿಯಲ್ಲಿ ಇದು ಆಗುವುದಿಲ್ಲ. 35ಕ್ಕೆ ಇಳಿಯಿರಿ. ಬೇಜಾರಾಗುತ್ತದೆ, ಗೊತ್ತು. ಆದರೂ ಇಳಿಯಿರಿ.

ಈಗ ಪಟ್ಟಿ. ಒಂದೇ ದಿನ 28 ಸೆಟ್ ಎಂದರೆ ಹತ್ತು ಹನ್ನೆರಡು ಆದಮೇಲೆ ಸುಸ್ತಾದ ಸ್ನಾಯುವನ್ನು ಸುಮ್ನೆ ಎಳೆದಾಡುವುದು. ಆಮೇಲೆ ಆರು ದಿನ ಅದಕ್ಕೆ ಏನೂ ಕೆಲಸವಿಲ್ಲ. ಬದಲಿಗೆ ವಾರಕ್ಕೆ ಎರಡು ದಿನ ಮಾಡಿ, ಸೋಮವಾರ ಮತ್ತು ಗುರುವಾರ. ಎರಡೂ ದಿನ ಮೂರೇ ವ್ಯಾಯಾಮ. ಮೊದಲು ಇನ್‌ಕ್ಲೈನ್ ಡಂಬೆಲ್ ಪ್ರೆಸ್, ಮೂರು ಸೆಟ್. ಬೆಂಚ್ 30 ಡಿಗ್ರಿಗಿಂತ ಮೇಲೆ ಬೇಡ, ಅದು ಕಡಿದಾದಷ್ಟೂ ಭುಜದ ಪಾಲು ಜಾಸ್ತಿಯಾಗುತ್ತದೆ. ಆಮೇಲೆ ಬಾರ್‌ನಲ್ಲಿ ಫ್ಲಾಟ್ ಪ್ರೆಸ್, ಎರಡು ಸೆಟ್. ಕೊನೆಗೆ ಕೇಬಲ್ ಫ್ಲೈ (ನಿಮ್ಮ ಪಟ್ಟಿಯ ಕೇಬಲ್ ಕ್ರಾಸ್‌ಓವರ್), ಎರಡು ಸೆಟ್. ಕೇಬಲ್ ಖಾಲಿ ಇಲ್ಲದಿದ್ದರೆ ಪೆಕ್ ಡೆಕ್, ಅಂದರೆ ಕೂತು ಕೈಗಳನ್ನು ಮುಂದೆ ಕೂಡಿಸುವ ಯಂತ್ರ, ಆಗುತ್ತದೆ. ಮಲಗಿ ಮಾಡುವ ಡಂಬೆಲ್ ಫ್ಲೈನಲ್ಲಿ ಮೇಲೆ ಬಂದಾಗ ಎದೆಗೆ ಭಾರವೇ ಇರುವುದಿಲ್ಲ. ಕೇಬಲ್‌ನಲ್ಲಿ ಕೊನೆಯವರೆಗೂ ಭಾರ ಇರುತ್ತದೆ. ಅದಕ್ಕೇ ನನಗೆ ಕೇಬಲ್ ಇಷ್ಟ.

ವಾರಕ್ಕೆ ಒಟ್ಟು 14 ಸೆಟ್ ಆಯಿತು. ನಿಮಗೆ ಇಷ್ಟು ಸಾಕು. ಪ್ರೆಸ್‌ನಲ್ಲಿ ಒಂದು ಸೆಟ್‌ಗೆ 8ರಿಂದ 12 ರೆಪ್ (ಅಂದರೆ ಅಷ್ಟು ಸಲ), ಫ್ಲೈನಲ್ಲಿ 12ರಿಂದ 15. "ಇನ್ನು ಒಂದೋ ಎರಡೋ ಆಗಬಹುದು" ಎನ್ನುವಲ್ಲಿ ಸೆಟ್ ನಿಲ್ಲಿಸಿ. ಪ್ರೆಸ್ ಸೆಟ್‌ಗಳ ನಡುವೆ ಎರಡರಿಂದ ಮೂರು ನಿಮಿಷ ಕೂತುಕೊಳ್ಳಿ. ಅವಸರ ಮಾಡಿದರೆ ಮುಂದಿನ ಸೆಟ್‌ನಲ್ಲಿ ರೆಪ್ ಬೀಳುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಡಿ. ಆರು ತಿಂಗಳು 50 ಕೆಜಿಯಲ್ಲೇ ನಿಂತಿದ್ದೇನೆ ಎಂದಿರಿ. ಹೋದ ವಾರ 50 ಕೆಜಿಗೆ ಎಷ್ಟು ರೆಪ್ ಬಂತು? ತಕ್ಷಣ ಹೇಳಲು ಆಗದಿದ್ದರೆ ಸಮಸ್ಯೆಯ ಅರ್ಧ ಭಾಗ ಅಲ್ಲಿದೆ. 8 ರೆಪ್ ಬಂದದ್ದು ಮುಂದಿನ ವಾರ 9 ಆಗಬೇಕು. ಎಲ್ಲಾ ಸೆಟ್‌ಗಳಲ್ಲೂ 12 ಬಂದ ದಿನ ತೂಕ ಒಂದು ಮೆಟ್ಟಿಲು ಏರಿಸಿ, ಮತ್ತೆ 8ರಿಂದ ಶುರು ಮಾಡಿ. ಇದೇ ಮೂರು ವ್ಯಾಯಾಮಗಳನ್ನು ಕನಿಷ್ಠ ನಾಲ್ಕು ತಿಂಗಳು ಬದಲಿಸಬೇಡಿ. ಮೊದಲ ಕೆಲವು ವಾರ ಬಲ ಮಾತ್ರ ಹೆಚ್ಚುತ್ತದೆ, ಏಕೆಂದರೆ ನರಗಳು ಕೆಲಸ ಕಲಿಯುತ್ತಿರುತ್ತವೆ. ಕಣ್ಣಿಗೆ ಕಾಣುವ ಬದಲಾವಣೆಗೆ ಎರಡು ಮೂರು ತಿಂಗಳು ಬೇಕು. ಟೇಪ್ ಹಿಡಿದು ಅಳೆಯುವುದಾದರೆ ತಿಂಗಳಿಗೊಮ್ಮೆ, ಬೆಳಗ್ಗೆ, ಉಸಿರು ಬಿಟ್ಟು ಅಳೆಯಿರಿ. ವ್ಯಾಯಾಮ ಮುಗಿದ ಕೂಡಲೇ ಬೇಡ, ಆಗಿನ ಉಬ್ಬು ಗಂಟೆಗಳಲ್ಲಿ ಇಳಿಯುತ್ತದೆ.

ಇನ್ನೊಂದು ಮಾತು. ವರ್ಷದ ಹಿಂದೆ ನಿಮ್ಮ ತೂಕ ಎಷ್ಟಿತ್ತು ಎಂದು ನೀವು ಬರೆದಿಲ್ಲ. ಆಗಲೂ 63 ಇದ್ದರೆ, ಎದೆ ಕಟ್ಟಲು ಸಾಮಾನೇ ಹೋಗುತ್ತಿಲ್ಲ ಎಂದರ್ಥ. ದಿನಕ್ಕೆ ಸುಮಾರು 100 ಗ್ರಾಂ ಪ್ರೋಟೀನ್ ಬೇಕು. ಒಂದು ಕೆಜಿ ಮೈತೂಕಕ್ಕೆ 1.6 ಗ್ರಾಂ ಲೆಕ್ಕ. ಒಟ್ಟು ಊಟವೂ ಸ್ವಲ್ಪ ಹೆಚ್ಚಬೇಕು, ತಿಂಗಳಿಗೆ ಒಂದು ಕೆಜಿಯ ಒಳಗೆ ತೂಕ ಏರುವಷ್ಟು. ಎದೆಗೆ ಎಷ್ಟು ಸೆಟ್ ಮಾಡುತ್ತೀರೋ ಅಷ್ಟೇ ಸೆಟ್ ಬೆನ್ನಿಗೆ ರೋಯಿಂಗ್ (ಭಾರವನ್ನು ಮೈ ಕಡೆಗೆ ಎಳೆಯುವ ವ್ಯಾಯಾಮ) ಮಾಡಿ. ಬಾರ್‌ನ ಸುತ್ತ ಹೆಬ್ಬೆರಳು ಇರಲಿ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಬೆಂಚ್‌ನ ಎರಡೂ ಕಡೆ ತಡೆಕಂಬಿ ಹಾಕದೆ ಮಲಗಬೇಡಿ. ಇದರಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಪ್ರಶ್ನೆ: ನನಗೆ 33 ವರ್ಷ, ಇಬ್ಬರು ಮಕ್ಕಳ ತಾಯಿ. ಜಿಮ್‌ನಲ್ಲಿ ಚೆಸ್ಟ್ ಪ್ರೆಸ್ ಮಾಡಲು ಹೇಳಿದ್ದಾರೆ. ಮಾಡಿದರೆ ಎದೆ ಗಂಡಸರ ಹಾಗೆ ಆಗುತ್ತದೆ ಎನ್ನುತ್ತಾರೆ. ಬಿಗಿಯಾಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ಎರಡೂ ನಿಜವಲ್ಲ. ಸ್ತನ ಇರುವುದು ಸ್ನಾಯುವಿನ ಮೇಲೆ. ಅದರಲ್ಲಿ ಇರುವುದು ಕೊಬ್ಬು ಮತ್ತು ಗ್ರಂಥಿ, ಸ್ನಾಯು ಇಲ್ಲ. ಪ್ರೆಸ್ ಮಾಡಿದರೆ ಅದು ಬೆಳೆಯುವುದೂ ಇಲ್ಲ, ಬಿಗಿಯಾಗುವುದೂ ಇಲ್ಲ. ಕೆಳಗಿನ ಸ್ನಾಯು ಸ್ವಲ್ಪ ತುಂಬಿಕೊಳ್ಳುತ್ತದೆ, ಅಷ್ಟೇ. ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟಿರಾನ್ ಹೆಂಗಸರಲ್ಲಿ ತುಂಬಾ ಕಡಿಮೆ. ಗಂಡಸರ ಎದೆಯಂತೆ ಆಗಿಬಿಡುತ್ತದೆ ಎಂಬ ಭಯ ಬಿಟ್ಟುಬಿಡಿ. ಸಿಗುವ ಲಾಭ ಬಲ. ಮಗುವನ್ನು ಎತ್ತುವಾಗ, ಭಾರವಾದ ಬಾಗಿಲು ತಳ್ಳುವಾಗ ಅದು ಗೊತ್ತಾಗುತ್ತದೆ. ಪ್ರೆಸ್ ಮಾಡಿ. ಜೊತೆಗೆ ಗಟ್ಟಿಯಾದ ಮೇಜಿನ ಅಂಚಿಗೆ ಕೈ ಕೊಟ್ಟು ಪುಷ್‌ಅಪ್ ಶುರು ಮಾಡಿ. ಹತ್ತು ಸಲೀಸಾಗಿ ಬಂದಾಗ ಅದಕ್ಕಿಂತ ತಗ್ಗಾದ ಜಾಗಕ್ಕೆ ಇಳಿಯಿರಿ. ಒಂದು ದಿನ ನೆಲ ಮುಟ್ಟುತ್ತೀರಿ.

ಪ್ರಶ್ನೆ: ನನಗೆ 51 ವರ್ಷ. ಜಿಮ್‌ಗೆ ಹೋಗಲು ಆಗುವುದಿಲ್ಲ. ಮನೆಯಲ್ಲಿ ಬೆಂಚ್ ಇಲ್ಲ, ತೂಕವೂ ಇಲ್ಲ. ಒಂದೇ ಸಲಕ್ಕೆ 30 ಪುಷ್‌ಅಪ್ ಮಾಡುತ್ತೇನೆ. ಇದರಲ್ಲೇ ಎದೆ ಬೆಳೆಯುತ್ತದೆಯೇ?

ಉತ್ತರ: ಈ ವಯಸ್ಸಿನಲ್ಲಿ 30 ಪುಷ್‌ಅಪ್! ಓದಿ ಬಹಳ ಖುಷಿಯಾಯಿತು. ಖಂಡಿತ ಬೆಳೆಯುತ್ತದೆ. ನೆಲದ ಪುಷ್‌ಅಪ್‌ನಲ್ಲಿ ನೀವು ಎತ್ತುತ್ತಿರುವುದು ಮೈತೂಕದ ಸುಮಾರು ಮೂರನೇ ಎರಡು ಭಾಗ. ಅದು ಈಗ ನಿಮಗೆ ಸುಲಭವಾಗಿದೆ, ಕಷ್ಟ ಮಾಡಬೇಕು. ಒಂದೇ ಎತ್ತರದ ಎರಡು ಗಟ್ಟಿ ಪುಸ್ತಕದ ಕಟ್ಟುಗಳ ಮೇಲೆ ಅಂಗೈ ಇಡಿ. ಎದೆ ಅವುಗಳ ನಡುವೆ ಇನ್ನೂ ಕೆಳಗೆ ಇಳಿಯುತ್ತದೆ. ಆ ಹೆಚ್ಚಿನ ಎಳೆತ ಎದೆಗೆ ತುಂಬಾ ಒಳ್ಳೆಯದು. ಮೂರು ಸೆಕೆಂಡ್ ಇಳಿಯಿರಿ, ಕೆಳಗೆ ಒಂದು ಸೆಕೆಂಡ್ ನಿಲ್ಲಿ. 30 ಇದ್ದದ್ದು 12ಕ್ಕೆ ಬಂದರೆ ಆಶ್ಚರ್ಯಪಡಬೇಡಿ. ಅದೂ ಸುಲಭವಾದಾಗ ಪಾದಗಳನ್ನು ಕುರ್ಚಿಯ ಮೇಲಿಡಿ, ಕೊರಳೆಲುಬಿನ ಕಡೆಯ ಎಳೆಗಳಿಗೆ ಕೆಲಸ ಸಿಗುತ್ತದೆ. ಆಮೇಲೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಒಳಗೆ ನೀರಿನ ಬಾಟಲಿ ತುಂಬಿ. ಒಂದು ಲೀಟರ್ ನೀರು ಒಂದು ಕೆಜಿ, ಹಾಗಾಗಿ ಲೆಕ್ಕ ಸುಲಭ.

ಉಸಿರು ಬಿಗಿಹಿಡಿಯಬೇಡಿ. ಮೇಲೇಳುವಾಗ ಬಿಡಿ. ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಸ್ನಾಯು ನೋವು ಮುಟ್ಟಿದರೆ, ಕೈ ಚಾಚಿದರೆ ಗೊತ್ತಾಗುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಶ್ರಮ ಪಡುವಾಗ ಎದೆಯೊಳಗೆ ಬಿಗಿದ ಹಾಗಾಗಿ, ನಿಂತರೆ ಕಡಿಮೆಯಾದರೆ, ಅಥವಾ ಅದು ದವಡೆಗೋ ಎಡಗೈಗೋ ಹರಡಿದರೆ, ಪುಷ್‌ಅಪ್ ಅಲ್ಲಿಗೇ ಬಿಟ್ಟು ಅದೇ ದಿನ ಡಾಕ್ಟರ್‌ಗೆ ತೋರಿಸಿ. ವಿಶ್ರಾಂತಿ ತೆಗೆದುಕೊಂಡ ಮೇಲೂ ಅದು ಹೋಗದಿದ್ದರೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.