ಇರುವ ಮತದಾರರನ್ನು ಉಳಿಸಿಕೊಳ್ಳಬೇಕೋ, ಹೊಸಬರನ್ನು ಒಲಿಸಿಕೊಳ್ಳಬೇಕೋ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯಲ್ಲಿ ಒಂದು ಪಕ್ಷದ ಕಾರ್ಯಕರ್ತ. ಮೊದಲಿನಿಂದ ನಮ್ಮ ಜೊತೆಗಿರುವ ಸಮುದಾಯಗಳನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡರೆ ಸಾಕು ಎಂದು ಹಿರಿಯ ಮುಖಂಡರು ಹೇಳುತ್ತಾರೆ. ನಮಗೆ ಎಂದೂ ಮತ ಹಾಕದವರ ಮನೆಗೂ ಹೋಗಬೇಕೆಂಬುದು ಕಿರಿಯರ ವಾದ. ಯಾರ ಮಾತು ಸರಿ?

ಉತ್ತರ: ಹಿರಿಯರ ಆತಂಕಕ್ಕೆ ಆಧಾರವಿದೆ. 2008ರ ವಿಧಾನಸಭಾ ಚುನಾವಣೆಯಲ್ಲಿ 110 ಸ್ಥಾನ ಗೆದ್ದಿದ್ದ ಬಿಜೆಪಿ, ಯಡಿಯೂರಪ್ಪನವರು ಹೊರನಡೆದು ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದ ಮೇಲೆ 2013ರಲ್ಲಿ 40ಕ್ಕೆ ಕುಸಿಯಿತು. ಕೆಜೆಪಿ ಗೆದ್ದದ್ದು ಆರು ಕ್ಷೇತ್ರಗಳನ್ನು ಮಾತ್ರ. ಆದರೂ ಅದು ಒಡೆದ ಮತಗಳು ಅನೇಕ ಕಡೆ ಫಲಿತಾಂಶವನ್ನೇ ಬದಲಿಸಿದವು.

ಆದರೆ ಉಳಿಸಿಕೊಂಡರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2018 ಮತ್ತು 2023, ಎರಡೂ ಚುನಾವಣೆಗಳಲ್ಲಿ ಬಿಜೆಪಿಗೆ ಬಿದ್ದ ಮತ ಸುಮಾರು ಶೇ 36. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಅದೇ ಅವಧಿಯಲ್ಲಿ ಜೆಡಿಎಸ್ ಪಾಲು ಶೇ 18ರ ಆಸುಪಾಸಿನಿಂದ 13ಕ್ಕೆ ತಗ್ಗಿತು, ಕಾಂಗ್ರೆಸ್ ಪಾಲು ಶೇ 38ರಿಂದ 43ರ ಹತ್ತಿರಕ್ಕೆ ಏರಿತು. ನಿಮ್ಮ ಜಿಲ್ಲೆಯನ್ನೇ ನೋಡಿ: 2018ರಲ್ಲಿ ಏಳಕ್ಕೆ ಏಳೂ ಕ್ಷೇತ್ರ ಗೆದ್ದಿದ್ದ ಜೆಡಿಎಸ್‌ಗೆ 2023ರಲ್ಲಿ ಸಿಕ್ಕಿದ್ದು ಕೆ.ಆರ್. ಪೇಟೆ ಒಂದೇ. ಐದು ಕಾಂಗ್ರೆಸ್ಸಿಗೆ, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋದವು. ಚುನಾವಣೆಗೆ ಕೆಲವೇ ವಾರಗಳ ಮೊದಲು ಒಕ್ಕಲಿಗ ಮತ್ತು ಲಿಂಗಾಯತ ಸಮುದಾಯಗಳಿಗೆ ಮೀಸಲಾತಿ ಹೆಚ್ಚಿಸಿದ್ದ ಬಿಜೆಪಿಗೆ ಮಂಡ್ಯದಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. ಹೊಸಬರನ್ನು ಕರೆಯುವುದು ಸುಲಭ, ಅವರ ವಿಶ್ವಾಸ ಗಳಿಸಲು ವರ್ಷಗಳೇ ಬೇಕಾಗುತ್ತವೆ ಎಂದು ನಾನು ನಂಬುವುದು ಇದೇ ಕಾರಣಕ್ಕೆ.

ಆ ವಿಶ್ವಾಸವನ್ನು ಗಳಿಸಿದ ಉದಾಹರಣೆಯೂ ನಮ್ಮ ನಾಡಿನಲ್ಲೇ ಇದೆ. ಒಂಟಿಯಾಗಿ ಯಾವ ಕ್ಷೇತ್ರವನ್ನೂ ಗೆಲ್ಲಿಸಲಾರದ ಸಣ್ಣಪುಟ್ಟ ಹಿಂದುಳಿದ ಜಾತಿಗಳನ್ನು ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಒಟ್ಟುಗೂಡಿಸಿದ್ದು ಭಾಷಣದ ಬಲದಿಂದಲ್ಲ. 1972ರಲ್ಲಿ ಹಿಂದುಳಿದ ವರ್ಗಗಳ ಸ್ಥಿತಿಗತಿ ತಿಳಿಯಲು ಹಾವನೂರು ಆಯೋಗವನ್ನು ನೇಮಿಸಿದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದಾಗಿ ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಜಮೀನಿಗೆ ಹಕ್ಕು ಕೇಳುವಂತಾಯಿತು. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗಲೂ ಕರ್ನಾಟಕದ 28ರಲ್ಲಿ 26 ಸ್ಥಾನ ಅದರ ಪಾಲಾದವು. ಅದರ ಹಿಂದೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಕೆಲಸದ ಪಾಲು ದೊಡ್ಡದು.

ಆದ್ದರಿಂದ ನಿಮ್ಮ ಸಭೆಯಲ್ಲಿ ಜಾತಿಯ ಲೆಕ್ಕಕ್ಕಿಂತ ಮೊದಲು ಬೂತ್‌ವಾರು ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಕಳೆದ ಬಾರಿ ಮತಗಟ್ಟೆಗೇ ಬಾರದ ನಿಮ್ಮವರು ಯಾರು, ಎರಡು ಚುನಾವಣೆಗಳಲ್ಲಿ ಪಕ್ಷ ಬದಲಿಸಿದ ಊರುಗಳು ಯಾವುವು, ಅಲ್ಲಿನ ನಾಲೆಯ ಕೊನೆಯ ಭಾಗದ ರೈತರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಕೇಳುತ್ತಿರುವುದು ಏನು ಎಂದು ಬರೆದುಕೊಳ್ಳಿ. ಮೊದಲು ನಿಮ್ಮವರಲ್ಲೇ ಮುನಿಸಿಕೊಂಡವರ ಬಳಿಗೆ ಹೋಗಿ, ಆಮೇಲೆ ಆ ಊರುಗಳಿಗೆ. ನಿಮಗೆ ಎಂದಿಗೂ ಮತ ಹಾಕುವುದಿಲ್ಲವೆಂದು ನಿರ್ಧರಿಸಿದವರ ಬೀದಿಗೂ ಹೋಗಿ ಅವರ ದೂರು ಕೇಳಿಸಿಕೊಳ್ಳಿ. ಆದರೆ ಇರುವ ಸ್ವಲ್ಪ ಸಮಯ ಮತ್ತು ಹಣದ ಹೆಚ್ಚಿನ ಪಾಲು ಅಲ್ಲಿಗೆ ಹೋಗುವುದು ಬೇಡ.